ಲೆಕ್ಕದ ಕಟ್ಟೆ: ಉಡುಪಿಯ ಪಿನ್‌ಕೋಡ್ ಯಾಕೆ ಒಡೆಯುವುದಿಲ್ಲ?

ಪ್ರಶ್ನೆ: ನಾನು ಮಂಗಳೂರಿನವಳು, ಪಿನ್‌ಕೋಡ್ 575001. ಅಕ್ಕ-ಭಾವ ಇರುವುದು ಉಡುಪಿಯಲ್ಲಿ, ಅವರದ್ದು 576101. ಮೊನ್ನೆ ಊಟಕ್ಕೆ ಕೂತಾಗ ಭಾವ ‘ನಮ್ಮ ನಂಬರು ಯಾವುದರಿಂದಲೂ ಭಾಗ ಹೋಗುವುದಿಲ್ಲ, ನಿಮ್ಮದು ಹೋಗ್ತದೆ’ ಅಂತ ಜಂಬ ಕೊಚ್ಚಿಕೊಂಡರು. ನಿಜವಾ? ಕಂಪ್ಯೂಟರ್ ಮುಟ್ಟದೆ ನೋಡುವುದು ಹೇಗೆ?
ಓದುಗರು, ಹಂಪನಕಟ್ಟೆ

ಉತ್ತರ: ನಿಜ ಮಾರಾಯ್ರೆ, ಭಾವ ಗೆದ್ದರು.

ಮೊದಲು ನಿಮ್ಮದು ನೋಡುವ. ಅಂಕಿಗಳನ್ನು ಕೂಡಿಸಿದರೆ 18. ಅದು ಒಂಬತ್ತರಿಂದ ಭಾಗ ಹೋಗುತ್ತದೆ, ಹಾಗಾಗಿ 575001 ಕೂಡ ಹೋಗುತ್ತದೆ. ಇನ್ನೊಂದು ಉಪಾಯ ಇದೆ, ನನಗೆ ಅದೇ ಜಾಸ್ತಿ ಇಷ್ಟ. ಆರಂಕಿಯ ಸಂಖ್ಯೆಯನ್ನು ನಡುವೆ ಮುರಿಯಿರಿ: 575 ಮತ್ತು 001. ದೊಡ್ಡದರಿಂದ ಸಣ್ಣದನ್ನು ಕಳೆದರೆ 574, ಅಂದರೆ 7×82. ಹೀಗೆ ಉಳಿದದ್ದು ಏಳರಿಂದ ಭಾಗ ಹೋದರೆ ಇಡೀ ಸಂಖ್ಯೆಯೂ ಹೋಗುತ್ತದೆ, 11ಕ್ಕೂ 13ಕ್ಕೂ ಇದೇ ಉಪಾಯ ನಡೆಯುತ್ತದೆ, ಯಾಕೆಂದರೆ 7×11×13 ಅಂದರೆ ಸರಿಯಾಗಿ 1001. ಕೊನೆಗೆ ನಿಮ್ಮ ಪಿನ್‌ಕೋಡ್ 3×3×7×9127 ಅಂತ ಒಡೆಯುತ್ತದೆ. 9127 ಮುಂದೆ ಒಡೆಯುವುದಿಲ್ಲ.

ಉಡುಪಿಯದ್ದು ಹಟಮಾರಿ. ಅಂಕಿಗಳ ಮೊತ್ತ 20, ಮೂರರ ಆಟ ಮುಗಿಯಿತು. 576ರಿಂದ 101 ಕಳೆದರೆ 475, ಅಲ್ಲಿಗೆ 7, 11, 13 ಮೂರೂ ಹೊರಗೆ. ಎಲ್ಲಿಯವರೆಗೆ ನೋಡಬೇಕು? ವರ್ಗಮೂಲದವರೆಗೆ ಸಾಕು. 759×759 ಅಂದರೆ 576081, 760 ಹಾಕಿದರೆ ದಾಟಿಹೋಗುತ್ತದೆ. ಅದಕ್ಕಿಂತ ದೊಡ್ಡ ಭಾಜಕ ಇದ್ದರೆ ಅದರ ಜೋಡಿ ಸಣ್ಣದಿರಲೇಬೇಕು, ಅಲ್ವಾ? 759ರ ಒಳಗೆ 134 ಅವಿಭಾಜ್ಯ ಸಂಖ್ಯೆಗಳಿವೆ, ಅಂದರೆ 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದವು. ಹೊರಗೆ ಜೋರು ಮಳೆ, ಕರೆಂಟೂ ಇರಲಿಲ್ಲ, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೊಂದಾಗಿ ಭಾಗಿಸುತ್ತ ಹೋದೆ. 631ಕ್ಕೆ ಬಂದಾಗ ಸಿಕ್ಕಿತು ಅಂತ ಎದ್ದೇ ನಿಂತಿದ್ದೆ, 913ರಿಂದ ಗುಣಿಸಿ ನೋಡಿದರೆ 576103. ಬರೇ ಎರಡು ಜಾಸ್ತಿ! ಕೊನೆಯದು 757, ಅದಕ್ಕೆ ಶೇಷ 24. ಅಲ್ಲಿಗೆ ತೀರ್ಮಾನ: ಅವಿಭಾಜ್ಯ.

ಹಾಗಂತ ಇದರಲ್ಲಿ ಉಡುಪಿಯವರ ಸಾಧನೆ ಏನೂ ಇಲ್ಲ. 1972ರಲ್ಲಿ ಪಿನ್‌ಕೋಡ್ ಶುರುವಾದದ್ದು ಕಾಗದ ವಿಂಗಡಿಸಲಿಕ್ಕೆ, ಸುಮ್ನೆ ಅದೃಷ್ಟಕ್ಕೆ ಹೀಗೆ ಬಂತು.

ಆದರೆ ಒಂದು ಚಂದದ ಸಂಗತಿ ಇದೆ. ನಾಲ್ಕರಿಂದ ಭಾಗಿಸಿದಾಗ ಶೇಷ 1 ಉಳಿಯುವ ಯಾವುದೇ ಅವಿಭಾಜ್ಯ ಸಂಖ್ಯೆಯನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅದೂ ಒಂದೇ ರೀತಿಯಲ್ಲಿ. ಇದನ್ನು 17ನೇ ಶತಮಾನದಲ್ಲಿ ಹೇಳಿದ್ದು ಫ್ರಾನ್ಸಿನ ಫರ್ಮಾ, ನೂರು ವರ್ಷ ಕಳೆದ ಮೇಲೆ ಸಾಧಿಸಿ ತೋರಿಸಿದ್ದು ಆಯ್ಲರ್. 576101ಕ್ಕೂ ಶೇಷ ಒಂದೇ. ಕ್ಯಾಲೆಂಡರಿನ ಇನ್ನೊಂದು ಹಾಳೆ ತುಂಬಿದ ಮೇಲೆ ಜೋಡಿ ಸಿಕ್ಕಿತು: 751ರ ವರ್ಗ 564001, 110ರ ವರ್ಗ 12100. ಕೂಡಿಸಿ ನೋಡಿ. ಭಾವನಿಗೆ ಇದು ಗೊತ್ತಿರಲಿಕ್ಕಿಲ್ಲ, ಮುಂದಿನ ಸಲ ಊಟಕ್ಕೆ ಕೂತಾಗ ನೀವು ಕೇಳಿ.

ಪ್ರಶ್ನೆ: ಸುರತ್ಕಲ್‌ನ ಎನ್‌ಐಟಿಕೆಯದ್ದು 575025. ಅದೂ ಅವಿಭಾಜ್ಯವಾ ಸರ್?
ವಿದ್ಯಾರ್ಥಿ, ಸುರತ್ಕಲ್

ಉತ್ತರ: ಐದರಲ್ಲಿ ಮುಗಿದಾಗಲೇ ಸೋತಿತಲ್ಲ! ಮುರಿದು ಕಳೆದರೆ 550, ಅಲ್ಲೇ 11 ಕಾಣುತ್ತದೆ. ಪೂರ್ತಿ ಒಡೆದರೆ 3×5×5×11×17×41. ಮಣಿಪಾಲದ 576104 ಸಮಸಂಖ್ಯೆ, ಅದನ್ನು ಕೇಳುವುದೇ ಬೇಡ.