ರೊಟ್ಟಿ ಊಟದಾಗ ಪ್ರೋಟೀನ್ ಸಾಲುತ್ತದೆಯೇ, ಪೌಡರ್ ಬೇಕೇ?

ಗದಗಿನಲ್ಲಿರುವ ನಿಮ್ಮ ತಂದೆಯವರು ಮೊಟ್ಟೆ, ಮಾಂಸ ಮುಟ್ಟುವುದಿಲ್ಲ, ತೂಕ 60 ಕಿಲೋ, ಪೌಡರ್ ಕೊಡಿಸಬೇಕೇ ಎಂದು ಕೇಳಿದ್ದೀರಿ. ನನಗನಿಸುವಂತೆ ಬೇಕಿಲ್ಲ, ತಾಟಿನಲ್ಲಿ ಕಾಳು ಹೆಚ್ಚಾದರೆ ಸಾಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ ಅವರಿಗೆ ಸುಮಾರು 50 ಗ್ರಾಂ. ಇನ್ನೂರು ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ 20 ಗ್ರಾಂ ಬರುತ್ತದೆ. ಅಳತೆಗೆ ಇದು ಕಡಿಮೆಯಲ್ಲ, ಆದರೆ ಜೋಳದಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು) ಕಡಿಮೆ. ಸ್ನಾಯು ಕಟ್ಟಲು ಅದು ಬೇಕೇ ಬೇಕು, ದೇಹ ತಾನೇ ತಯಾರಿಸಿಕೊಳ್ಳಲಾರದು. ಹೆಸರು, ಮಡಕಿ, ಕಡಲೆಯಲ್ಲಿ ಲೈಸಿನ್ ಸಮೃದ್ಧ. ಅವುಗಳಲ್ಲಿ ಕೊರತೆಯಿರುವ ಮೆಥಿಯೋನಿನ್ ಎಂಬ ಇನ್ನೊಂದು ಅಮೈನೋ ಆಮ್ಲವನ್ನು ಜೋಳ ತುಂಬಿಕೊಡುತ್ತದೆ. ರೊಟ್ಟಿ ಜೊತೆ ಕಾಳಪಲ್ಯ ಅಥವಾ ಕಡಲೆಹಿಟ್ಟಿನ ಝುಣಕ ಕೂಡಿಸಿದ ನಮ್ಮ ಅಜ್ಜಿಯರು ಯಾವ ಪುಸ್ತಕ ಓದಿದ್ದರೋ!

ಅರವತ್ತು ಗ್ರಾಂ ಒಣಕಾಳಿನಲ್ಲಿ ಸುಮಾರು 14 ಗ್ರಾಂ, 30 ಗ್ರಾಂ ಶೇಂಗಾದಲ್ಲಿ 7, ಹಾಲು-ಮೊಸರು ಸೇರಿ 300 ಗ್ರಾಂ ಆದರೆ ಇನ್ನೊಂದು 10. ಲೆಕ್ಕ ಮುಟ್ಟಿತು.

ಎಡವಟ್ಟಾಗುವುದು ಎಲ್ಲಿ ಅಂದರೆ, ರೊಟ್ಟಿ ನಾಲ್ಕು, ಪಲ್ಯ ಮಾತ್ರ ಒಂದೇ ಚಮಚ. ಸಂಜೆ ಗಿರ್ಮಿಟ್ಟಿಗೂ ಪುಟಾಣಿ ಹಿಟ್ಟು ಧಾರಾಳವಾಗಿ ಹಾಕಿ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹೀಗಾಗಿ ರಾತ್ರಿ ಬರೀ ಅನ್ನ-ಸಾರು ಉಂಡು ಮಲಗುವ ರೂಢಿ ಒಳ್ಳೆಯದಲ್ಲ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಬದಿಗಿಟ್ಟು ಡಾಕ್ಟರರನ್ನೇ ಕೇಳಿ.