ಆಪರೇಷನ್ ಆದ ನಾಯಿಮರಿ ಸುಮ್ನೆ ಕೂರ್ತಾನೇ ಇಲ್ಲ, ಏನು ಮಾಡೋದು?

ಸಂತಾನಹರಣ ಆಪರೇಷನ್ ಆದ ಮರಿ ಎರಡೇ ದಿನಕ್ಕೆ ಸೋಫಾ ಹತ್ತಿ ಹಾರ್ತಿದೆ ಅಂತ ಕೇಳಿದ್ದೀರಿ. ನೋವು ಕಡಿಮೆಯಾಗಿದೆ, ಗಾಯ ಇನ್ನೂ ಕೂಡಿಲ್ಲ. ಅದಕ್ಕೆ ಸಾಮಾನ್ಯವಾಗಿ 10ರಿಂದ 14 ದಿನ ಬೇಕು. ಅಲ್ಲಿವರೆಗೆ ಓಟ, ಜಿಗಿತ, ಮೆಟ್ಟಿಲು, ಸ್ನಾನ ಯಾವುದೂ ಬೇಡ. ಹೊರಗೆ ಕರ್ಕೊಂಡು ಹೋಗೋದು ಬೆಲ್ಟ್ ಹಾಕಿಯೇ, ಅದೂ ಉಚ್ಚೆ, ಕಕ್ಕಕ್ಕೆ ಮಾತ್ರ.

ಮೈ ದಣಿಸೋ ಹಾಗಿಲ್ಲ ಅಂದಮೇಲೆ ಮೂಗಿಗೆ ಕೆಲಸ ಕೊಡಿ. ಹಳೇ ಟವೆಲ್ ಹಾಸಿ, ಅದರ ದಿನದ ಊಟದಲ್ಲೇ ಒಂದು ಹಿಡಿ ತೆಗೆದು ಉದುರಿಸಿ, ಚಾಪೆ ಥರ ಸುತ್ತಿಡಿ. ಮೂಸಿ, ಮೂತಿಯಲ್ಲಿ ತಳ್ಳಿ, ಒಂದೊಂದೇ ಮಡಿಕೆ ಬಿಡಿಸಿ ಕಾಳು ಹುಡುಕಿ ತಿನ್ನೋ ಹೊತ್ತಿಗೆ ಎಷ್ಟೋ ಮರಿಗಳು ಅಲ್ಲೇ ಸುಸ್ತಾಗಿ ಮಲಗಿಬಿಡುತ್ತವೆ. ಹೊಲಿಗೆ ನೆಕ್ಕದಂತೆ ಕೊರಳಿಗೆ ಹಾಕಿರೋ ಕೋನ್ ಅಡ್ಡ ಬಂದರೆ, ನೀವು ಎದುರಲ್ಲೇ ಕೂತು ಅಷ್ಟು ಹೊತ್ತು ಮಾತ್ರ ತೆಗೆಯಿರಿ, ಇಲ್ಲಾಂದ್ರೆ ಹೊಲಿಗೆ ನೆಕ್ಕಿ ಕಿತ್ತುಕೊಳ್ಳುತ್ತೆ. ಉಪ್ಪು, ಒಗ್ಗರಣೆ ಇಲ್ಲದ ಮೊಸರನ್ನ ತಟ್ಟೆಗೆ ತೆಳ್ಳಗೆ ಬಳಿದು, ಫ್ರೀಜರ್‌ನಲ್ಲಿಟ್ಟು ಕೊಟ್ಟರೂ ನೆಕ್ಕುತ್ತಾ ತಣ್ಣಗೆ ಕೂರುತ್ತೆ.

ಒಂದು ಮಾತು ಮಾತ್ರ ಮರೀಬೇಡಿ. ನಮ್ಮ ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿಗೇನು ಬರವೇ, ಮಕ್ಕಳು ಪ್ರೀತಿಯಿಂದ ಒಂದು ಕೊಟ್ಟುಬಿಡ್ತಾರೆ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಕಿಡ್ನಿಯೇ ಹೋಗಬಹುದು. ನಮ್ಮ ನೋವಿನ ಮಾತ್ರೆಗಳೂ ಅಷ್ಟೇ, ಕೊಡಲೇಬೇಡಿ.

ಏನು ಮಾಡಿದರೂ ನಿಲ್ಲದಿದ್ದರೆ ಶಾಂತವಾಗಿಡೋ ಔಷಧಿ ಬಗ್ಗೆ ಡಾಕ್ಟರನ್ನೇ ಕೇಳಿ. ಹೊಲಿಗೆ ಊದಿ ಕೀವು ಬಂದರೆ, ರಕ್ತ ಸೋರಿದರೆ, ಊಟ ಬಿಟ್ಟರೆ ಅವತ್ತೇ ಪಶು ಆಸ್ಪತ್ರೆಗೆ ಕರ್ಕೊಂಡು ಹೋಗಿ.