ಮಕ್ಕಳ ಎಮರ್ಜೆನ್ಸಿ, ಅದೂ ಅಕಾಡೆಮಿಕ್: ಕೇಳಿದ್ರಲ್ಲ, ಹೇಳ್ತೀನಿ

ಡಾಕ್ಟ್ರೇ, ತರಬೇತಿಗೆ ಬರೋರಿಗೆ ಕೊಡೋ ಜೆ-1 ವೀಸಾದಲ್ಲಿ ಅಮೆರಿಕಾಗೆ ಬಂದು ಪೀಡಿಯಾಟ್ರಿಕ್ಸ್ ರೆಸಿಡೆನ್ಸಿ, ಅಂದ್ರೆ ಮಕ್ಕಳ ವೈದ್ಯದ ಆಸ್ಪತ್ರೆ ತರಬೇತಿ ಶುರು ಮಾಡಿದೀನಿ, ಮುಂದೆ ಎಮರ್ಜೆನ್ಸಿ ಫೆಲೋಶಿಪ್, ಅಂದ್ರೆ ಅದಾದ ಮೇಲಿನ ವಿಶೇಷ ತರಬೇತಿ ಮಾಡಿ, ಪಾಠ ರಿಸರ್ಚ್ ಎರಡೂ ಇರೋ ಯೂನಿವರ್ಸಿಟಿ ಆಸ್ಪತ್ರೇಲೇ, ಅಂದ್ರೆ ಅಕಾಡೆಮಿಕ್‌ನಲ್ಲೇ ಉಳೀಬೇಕು, ಲೈಫ್ ಹೇಗಿರತ್ತೆ ಅಂದ್ರಲ್ಲ. ಕೆಲಸ ಬಹಳ ಚೆನ್ನಾಗಿದೆ, ಹೊತ್ತುಗೊತ್ತು ಮಾತ್ರ ಇಲ್ಲ. ಮಕ್ಕಳಿಗೆ ಜ್ವರ ಏರೋದೂ ಸಾಯಂಕಾಲ, ಕ್ಲಿನಿಕ್ ಬಾಗ್ಲು ಹಾಕೋದೂ ಸಾಯಂಕಾಲ, ಹಾಗಾಗಿ ನಮ್ಮ ಶಿಫ್ಟ್‌ಗಳಲ್ಲಿ ಜಾಸ್ತಿ ಮಧ್ಯಾಹ್ನ ಹಿಡಿದು ನಡುರಾತ್ರಿ ದಾಟೋವೇ, ಇನ್ನು ಚಳಿಗಾಲದಲ್ಲಿ ಆರ್‌ಎಸ್‌ವಿ ಅನ್ನೋ ಉಸಿರಾಟದ ವೈರಸ್ ಶುರುವಾಯ್ತು ಅಂದ್ರೆ ಏದುಸಿರು ಬಿಡೋ ಕೂಸುಗಳಿಗೆ ಬೆಡ್ ಹುಡುಕೋದೇ ಒಂದು ಕೆಲಸ.

ಪಾಠ ಅನ್ನೋದು ಕ್ಲಾಸ್‌ರೂಮಲ್ಲಿ ಕಮ್ಮಿ, ಶಿಫ್ಟಲ್ಲೇ ಜಾಸ್ತಿ. ಹುಟ್ಟಿ ಇನ್ನೂ ತಿಂಗಳಾಗದ ಮಗು, ಜ್ವರ, ಬೆನ್ನಿಂದ ನೀರು ತೆಗೀಬೇಕು, ಸೂಜಿ ರೆಸಿಡೆಂಟ್ ಕೈಲಿ. ನೀವೇ ಮಾಡಿದ್ರೆ ಚಿಟಿಕೆ ಹೊಡಿಯೋದ್ರಲ್ಲಿ ಮುಗಿಯತ್ತೆ, ಆದ್ರೆ ಪಕ್ಕದಲ್ಲಿ ನಿಂತು ಮೆಲ್ಲಗೆ "ಇನ್ನೊಂಚೂರು ಮೇಲಕ್ಕೆ ತಿರುಗ್ಸು" ಅಂತ ಹೇಳ್ತಾ ಇರ್ಬೇಕು ಅಷ್ಟೇ. ಈ ತಾಳ್ಮೆ ಇಲ್ದೋರು ಅಕಾಡೆಮಿಕ್‌ಗೆ ಬರ್ಬಾರ್ದು ಅಂತ ನನ್ನ ಅಭಿಪ್ರಾಯ.

ರಿಸರ್ಚ್ ವಿಷ್ಯ. ಮಕ್ಕಳಲ್ಲಿ ನಿಜವಾಗ್ಲೂ ಸೀರಿಯಸ್ ಕೇಸು ಒಂದೊಂದೇ ಆಸ್ಪತ್ರೇಲಿ ಸಾಕಷ್ಟು ಸಿಗಲ್ಲ, ಅದಕ್ಕೇ 2001ರಲ್ಲಿ ಪಿಕಾರ್ನ್ (PECARN) ಅಂತ ಹಲವು ಆಸ್ಪತ್ರೆಗಳ ರಿಸರ್ಚ್ ನೆಟ್‌ವರ್ಕ್ ಕಟ್ಟಿದ್ದು. ತಲೆಗೆ ಪೆಟ್ಟಾದ 42 ಸಾವಿರಕ್ಕೂ ಹೆಚ್ಚು ಮಕ್ಕಳನ್ನ ನೋಡಿ ಯಾರಿಗೆ ಸಿಟಿ ಸ್ಕ್ಯಾನ್ ಬೇಡ ಅಂತ 2009ರಲ್ಲಿ ಅವರು ಕೊಟ್ಟ ರೂಲ್ ಇವತ್ತೂ ದಿನಾ ಬಳಸ್ತೀವಿ, ಸ್ಕ್ಯಾನ್ ಮಾಡ್ಲೇಬೇಕು ಅಂತ ಹಟ ಹಿಡಿಯೋ ಅಪ್ಪ ಅಮ್ಮಂದಿರನ್ನ ಕೂರ್ಸಿ ಸಮಾಧಾನ ಹೇಳೋಕೂ ಅದೇ ಆಧಾರ. ನೀವೂ ಅಂಥದ್ರಲ್ಲಿ ಸೇರ್ಬೇಕು ಅಂದ್ರೆ ಟೈಮ್ ಬೇಕು, ಆ ಟೈಮ್‌ಗೆ ದುಡ್ಡು ಯಾರಾದ್ರೂ ಕೊಡ್ಬೇಕು. ಅಮೆರಿಕಾ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಹೊಸ ಸಂಶೋಧಕ ಡಾಕ್ಟ್ರಿಗೆ ಕೊಡೋ ಕೆ23 ಗ್ರಾಂಟ್ ಸಿಕ್ರೆ ಸಾಮಾನ್ಯವಾಗಿ ಮುಕ್ಕಾಲು ಪಾಲು ಸಮಯ ರಿಸರ್ಚಿಗೇ ಮೀಸಲು, ಸಿಗ್ದೇ ಇದ್ರೆ ರಜೆ ದಿನ ಪೇಪರ್ ಬರೀತಾ ಕೂತಿರ್ತೀರಿ. ಕೆಲಸಕ್ಕೆ ಸೇರುವಾಗ "ನೋಡೋಣ, ಅಡ್ಜಸ್ಟ್ ಮಾಡೋಣ" ಅಂದ್ರೆ ಒಪ್ಕೋಬೇಡಿ, ವರ್ಷಕ್ಕೆ ಎಷ್ಟು ಗಂಟೆ ಕ್ಲಿನಿಕಲ್ ಅಂತ ಆಫರ್ ಲೆಟರಲ್ಲೇ ಬರೆಸ್ಕೊಳ್ಳಿ. ಸಂಬಳ ದೊಡ್ಡವರ ಎಮರ್ಜೆನ್ಸಿಗಿಂತ ಕಮ್ಮಿನೇ, ಅದು ಮೊದ್ಲೇ ಗೊತ್ತಿರ್ಲಿ.

ಆದ್ರೆ ನಿಮ್ಮ ಕೇಸಲ್ಲಿ ಇದಕ್ಕೆಲ್ಲ ಮುಂಚೆ ವೀಸಾ. ರೆಸಿಡೆನ್ಸಿ 3, ಫೆಲೋಶಿಪ್ 3, ಒಟ್ಟು 6 ವರ್ಷ, ಜೆ-1ಗೆ ಮಿತಿ 7, ಅಲ್ಲಿಗೆ ಸರಿಹೋಗತ್ತೆ. ಆಮೇಲೆ 2 ವರ್ಷ ವಾಪಸ್ ಹೋಗ್ಬೇಕು, ಇಲ್ಲಾ ವೇವರ್, ಅಂದ್ರೆ ಆ ಷರತ್ತಿಂದ ವಿನಾಯಿತಿ ತಗೊಂಡು ಡಾಕ್ಟ್ರ ಕೊರತೆ ಇರೋ ಕಡೆ 3 ವರ್ಷ ಕೆಲಸ ಮಾಡ್ಬೇಕು. ರಾಜ್ಯಗಳ ಮೂಲಕ ಸಿಗೋ ಕಾನ್ರಾಡ್ ವೇವರ್ ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಮಾತ್ರ, ಅದ್ರಲ್ಲಿ 10 ಫ್ಲೆಕ್ಸ್, ಅಂದ್ರೆ ಆಸ್ಪತ್ರೆ ಅಂಥ ಜಾಗದಲ್ಲಿ ಇಲ್ದಿದ್ರೂ ಅಲ್ಲಿನ ಪೇಶೆಂಟ್‌ಗಳನ್ನ ನೋಡ್ತಿದ್ರೆ ಸಾಕು, ದೊಡ್ಡ ಮಕ್ಕಳ ಆಸ್ಪತ್ರೆಗಳಿಗೆ ದಾರಿ ಇರೋದು ಹೆಚ್ಚಾಗಿ ಅಲ್ಲೇ. ಕೆಲವು ರಾಜ್ಯ ಪ್ರೈಮರಿ ಕೇರ್‌ನವರಿಗೇ, ಅಂದ್ರೆ ದಿನನಿತ್ಯದ ಕಾಯಿಲೆ ನೋಡೋ ಡಾಕ್ಟ್ರಿಗೇ ಮೊದ್ಲು ಕೊಡ್ತವೆ. ಹಾಗಾಗಿ ಫೆಲೋಶಿಪ್ ಎರಡನೇ ವರ್ಷದಲ್ಲೇ ಇಮಿಗ್ರೇಶನ್ ಲಾಯರನ್ನ ಹಿಡೀರಿ, ಕೆಲಸ ಹುಡುಕುವಾಗ "ಜೆ-1 ವೇವರ್ ಮಾಡಿಸ್ತೀರಾ" ಅಂತ ಮೊದಲನೇ ಫೋನ್‌ನಲ್ಲೇ ಕೇಳ್ಬಿಡಿ, ಸಂಕೋಚ ಬೇಡ.